ಬರ್ತೇನಿ ಅಂದರೆ

ಕಾಲಕೋಶಕ್ಕೆ ಕನ್ನಡ ಚೆನ್ನಾಗಿ ಬರತೊಡಗಿದ ಮೇಲೆ ನೀಲಾಂಬಿಕೆಗೆ ಕೆಲಸ ಇಮ್ಮಡಿಯಾಯಿತು. ಅದಕ್ಕೆ ಮುಂಚೆ, ನಾಡಿನಲ್ಲಿ ನಡೆದದ್ದನ್ನೆಲ್ಲ ದಾಖಲಿಸಿಡುವ ಆ ಯಂತ್ರ ಪುಸ್ತಕದ ಕನ್ನಡ ಮಾತ್ರ ಬಲ್ಲ ಪರಸ್ಥಳದ ಅಧಿಕಾರಿಯ ಹಾಗಿತ್ತು. ಜನ ಆಡಿದ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಅರ್ಥ ಮಾಡಿಕೊಳ್ಳುತ್ತಿತ್ತು. ತಪ್ಪಿದಾಗ ಎಲ್ಲಿ ತಪ್ಪಿತೆಂದು ಯಾರಿಗಾದರೂ ಕಾಣುತ್ತಿತ್ತು. ಈಗ ಅದಕ್ಕೆ ಸಂತೆಯ ಚೌಕಾಸಿ, ಬಸ್ಸಿನೊಳಗಿನ ಜಗಳ, ಬೀಗರ ಮನೆಯ ಕೊಂಕು ಎಲ್ಲವನ್ನೂ ಕೋಟಿಗಟ್ಟಲೆ ಕೇಳಿಸಿ ಆಡುಮಾತು ಕಲಿಸಿದ್ದರು. ಕಲಿತದ್ದು ಸುಮ್ಮನಿರಬೇಕಲ್ಲ? ಹಳೆಯ ದಾಖಲೆಗಳನ್ನೆಲ್ಲ ಮತ್ತೆ ತೆರೆದು, ಹೊಸ ಕನ್ನಡದಲ್ಲಿ ಓದಿಕೊಂಡು, ಒಂದೊಂದರ ಅರ್ಥ ಬದಲಿಸುತ್ತ ಕೂತಿತು.

ಬದಲಾದ ಅರ್ಥಗಳಿಗೆ ರುಜು ಹಾಕುವವರು ಧಾರವಾಡದ ಆ ಕಟ್ಟಡದಲ್ಲಿ ಹನ್ನೆರಡು ಜನ. ಪರಿಶೀಲಕರು ಎಂದು ಹುದ್ದೆಯ ಹೆಸರು. ನೀಲಾಂಬಿಕೆ ಅವರಲ್ಲಿ ಹಳಬಳು. ನಲವತ್ತೈದಕ್ಕೇ ಅವಳಿಗೆ ಕುರ್ಚಿಯಿಂದ ಏಳುವಾಗ ಸೊಂಟ ಹಿಡಿದುಕೊಳ್ಳಬೇಕಾಗುತ್ತಿತ್ತು. ಅದು ಸೊಂಟದ ದಣಿವಲ್ಲ ಎಂದು ಅವಳಿಗೂ ಗೊತ್ತಿತ್ತು. ಯಾವುದನ್ನೂ ಇದು ಹೀಗೇ ಎಂದು ನಂಬಿ ನೆಮ್ಮದಿಯಾಗಿ ಮನೆಗೆ ಹೋಗಲಾಗದ ಕೆಲಸ ಅದು.

ಕಾಲಕೋಶದಲ್ಲಿ ಪ್ರತಿ ಘಟನೆಗೂ ಎರಡು ಅಂಕಣ. ಮೊದಲನೆಯದರ ಹೆಸರು 'ನಡೆದದ್ದು'. ಅಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಎರಡನೆಯದು 'ಅಂದರೆ'. ಅದು ಬದಲಾಗುತ್ತಲೇ ಇರುತ್ತದೆ. ಒಂದು ಮದುವೆ ಎಂದುಕೊಳ್ಳಿ. ಆದ ದಿನ ಅದು ಮದುವೆ. ಕೆಲವು ವರ್ಷದ ಮೇಲೆ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡು ಕೋರ್ಟು ಹತ್ತಿದರೆ ಅದೇ ಮದುವೆ ಜಗಳದ ಮೂಲ. ಆಮೇಲೆ ಆ ಸೊಸೆಯೇ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದಳೆನ್ನಿ, ಅರ್ಥ ಮತ್ತೆ ಮಗ್ಗುಲು ಬದಲಿಸುತ್ತದೆ. ಮದುವೆ ನಡೆದದ್ದು ಒಂದೇ ಸಲ, ಆದರೆ ಮುಂದೆ ಅದಕ್ಕೆ ಏನೇನು ಅಂಟಿಕೊಂಡಿತು ಎಂಬುದರ ಮೇಲೆ ಅದರ ಅರ್ಥ. ಕಾಲಕೋಶ ಘಟನೆಯಿಂದ ಘಟನೆಗೆ ಎಳೆ ಕಟ್ಟಿಕೊಂಡು ಕೂತಿರುತ್ತದೆ. ಎಲ್ಲೋ ಹೊಸದೊಂದು ನಡೆದರೆ ಎಳೆ ಜಗ್ಗಿ ಹಿಂದಿನದೆಲ್ಲ ಅಲುಗುತ್ತದೆ.

ಹಳೆಯ ಅರ್ಥಗಳೂ ಪದರ ಪದರವಾಗಿ ಅಡಿಯಲ್ಲಿ ಉಳಿದಿರುತ್ತಿದ್ದವು. ಕೇಳುವವರು ಯಾರು? ಶಾಲೆಗೆ, ಕೋರ್ಟಿಗೆ, ಪತ್ರಿಕೆಗೆ, ನಗರಸಭೆಗೆ ಬೇಕಾದದ್ದು ಮೇಲಿನ ಪದರ ಒಂದೇ. ಅದು ಬದಲಾದರೆ ಮಕ್ಕಳ ಪಾಠ ಬದಲಾಗುತ್ತಿತ್ತು, ರಸ್ತೆಯ ಬೋರ್ಡು ಬದಲಾಗುತ್ತಿತ್ತು. ಜನ ಹೊಂದಿಕೊಂಡಿದ್ದರು. ಇಂಥ ರಸ್ತೆಗೆ ಬಿಡಪ್ಪ ಅಂದರೆ ಆಟೋದವರು, "ಈ ವರ್ಷದ ಹೆಸರೋ ಹೋದ ವರ್ಷದ್ದೋ?" ಎಂದು ಕೇಳುತ್ತಿದ್ದರು. ಹೊಸದಾಗಿ ನಿಲ್ಲಿಸುವ ಪುತ್ಥಳಿಗಳಿಗೆ ನಗರಸಭೆಯವರು ಕೆಳಗೆ ಚಕ್ರ ಹಾಕಿಸತೊಡಗಿದ್ದರು.

ಈ ಸಲ ಎಲ್ಲ ಗೊಂದಲಕ್ಕೂ ಕಾರಣ 'ಬರ್ತೇನಿ' ಎಂಬ ಒಂದು ಮಾತು. ಈ ನಾಡಿನಲ್ಲಿ ಮನೆಯಿಂದ ಹೊರಡುವವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ, ಅದು ಅಪಶಕುನ. ಚಪ್ಪಲಿ ಮೆಟ್ಟಿ, ಬೆನ್ನು ತಿರುಗಿಸಿ, ಬರ್ತೇನಿ ಅನ್ನುತ್ತಾರೆ. ಇಷ್ಟು ವರ್ಷ ಯಂತ್ರ ಅದನ್ನು ಬರುವುದೆಂದೇ ಓದಿತ್ತು. ಈಗ ಅದಕ್ಕೆ ಬುದ್ಧಿ ಬಂತು. ಬಂದರೆಂದು ಬರೆದಿದ್ದ ಸಾಕ್ಷಿಗಳೆಲ್ಲ ಹೋದವರಾದರು, ಸಹಾಯಕ್ಕೆ ಧಾವಿಸಿದವರೆಲ್ಲ ಜಾಗ ಖಾಲಿ ಮಾಡಿದವರಾದರು. ಹೀಗೆ ತಿರುಗಾಮುರುಗಾ ಆದವರಲ್ಲಿ ಫಕೀರಪ್ಪ ಕಮ್ಮಾರನೂ ಒಬ್ಬ.

ಫಕೀರಪ್ಪನ ಕಡತ ಬಂದದ್ದು ನೀಲಾಂಬಿಕೆಯ ಪರದೆಯ ಮೇಲೆ.

ಮೂವತ್ತು ವರ್ಷದ ಹಿಂದಿನ ಮಾತು. ಹಾವೇರಿ ಕಡೆಯ ಒಂದೂರಿನ ಮೆಣಸಿನಕಾಯಿ ಶೀತಗೃಹದಲ್ಲಿ ಅಮೋನಿಯ ಸೋರಿತು. ತಣ್ಣನೆಯ ಕೋಣೆಯೊಳಗೆ ಚೀಲ ಜೋಡಿಸುತ್ತಿದ್ದ ಒಂಬತ್ತು ಹೆಂಗಸರು ಸತ್ತರು. ಯಂತ್ರ ನೋಡಿಕೊಳ್ಳುತ್ತಿದ್ದ ಫಕೀರಪ್ಪನೂ ಅಂಗಳದಲ್ಲಿ ಬಿದ್ದು ಸತ್ತ. ಯಂತ್ರದ ಕೋಣೆಯ ಧ್ವನಿಮುದ್ರಿಕೆಯಲ್ಲಿ ಅವನ ಕೊನೆಯ ಮಾತು ಉಳಿದಿತ್ತು: "ಆತು, ನಾ ಬರ್ತೇನಿ." ಅವನು ಯಾರಿಗೆ ಹಾಗಂದ ಎಂಬುದು ಅದರಲ್ಲಿರಲಿಲ್ಲ. ಒಳಗಿನ ಹೆಂಗಸರು ಫೋನು ಮಾಡಿರಬೇಕು, ಅವರನ್ನು ಬಿಡಿಸಲು ಹೊರಟಿರಬೇಕು ಎಂದು ಎಲ್ಲರೂ ಅಂದುಕೊಂಡರು. ಅವನ ಹೆಸರಿನ ರಸ್ತೆಯಾಯಿತು, ನಾಲ್ಕನೆಯ ತರಗತಿಗೆ ಪಾಠವಾಯಿತು. ಹೊಸ ಕನ್ನಡ ಕಲಿತ ಯಂತ್ರ ಈಗ ಹೇಳುತ್ತಿತ್ತು: ಆ ಮಾತು ಗೇಟಿನವನಿಗೆ ಹೇಳಿದ್ದು. ಹೊರಟೆ ಎಂದು ಅರ್ಥ. ಕೆಲಸ ಬಿಟ್ಟು ಓಡಿದ.

ಒಳಗೆ ಸತ್ತ ಒಂಬತ್ತು ಹೆಂಗಸರಲ್ಲಿ ಶಿವಗಂಗವ್ವ ಒಬ್ಬಳು. ನೀಲಾಂಬಿಕೆಯ ತಾಯಿ.

ಸಂಬಂಧಿಕರ ಘಟನೆಯನ್ನು ಪರಿಶೀಲಕರಿಗೆ ಕೊಡಬಾರದೆಂದು ಕಟ್ಟುನಿಟ್ಟಿನ ನಿಯಮವಿತ್ತು, ಅದನ್ನು ನೋಡಿಕೊಳ್ಳುವುದೂ ಯಂತ್ರವೇ. ಆದರೆ ದಾಖಲೆಯಲ್ಲಿ ಇದ್ದದ್ದು 'ಒಂಬತ್ತು ಮಹಿಳಾ ಕಾರ್ಮಿಕರು' ಎಂದಷ್ಟೇ. ಹೆಸರಿಲ್ಲದವರಿಗೆ ಮಗಳು ಎಲ್ಲಿಂದ ಬರಬೇಕು? ತಾನಾಗಿ ಎದ್ದು ಹೋಗಿ ಮೇಲಧಿಕಾರಿ ಗುಮಾಸ್ತೆಯವರಿಗೆ ಹೇಳಬಹುದಿತ್ತು. ಅವಳು ಹೇಳಲಿಲ್ಲ. ತನ್ನ ಅವ್ವನ ಕಡೆಗೆ ಒಬ್ಬ ಬರುತ್ತಿದ್ದನೋ ಇಲ್ಲವೋ ಎಂಬುದನ್ನು ಇನ್ನೊಬ್ಬರು ಚಹಾ ಕುಡಿಯುತ್ತ ತೀರ್ಮಾನಿಸುವುದನ್ನು ಅವಳಿಗೆ ಸಹಿಸಲಾಗಲಿಲ್ಲ.

ಆ ಸಂಜೆ ಮನೆಗೆ ಹೋದರೆ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದವಳು ಚಿಗವ್ವ ಪಾರವ್ವ, ತಾಯಿಯ ತಂಗಿ. ಮದುವೆಯ ಗೊಡವೆಗೆ ಹೋಗದೆ ಇಬ್ಬರೂ ಒಂದೇ ಮನೆಯಲ್ಲಿ ಮುಖ ನೋಡಿಕೊಂಡು, ಜಗಳಾಡಿಕೊಂಡು ಇದ್ದರು. ನಡುಮನೆಯ ಗೋಡೆಯಲ್ಲಿ ಶಿವಗಂಗವ್ವನ ಫೋಟೋ. ಅದರ ಮಗ್ಗುಲಲ್ಲಿ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಫಕೀರಪ್ಪನ ಫೋಟೋ. ವರ್ಷಕ್ಕೊಮ್ಮೆ ಎರಡಕ್ಕೂ ಒಂದೇ ಅಳತೆಯ ಹಾರ. ಈಗ ಫಕೀರಪ್ಪನ ಫೋಟೋ ಗೋಡೆಗೆ ಮುಖ ಮಾಡಿ ತೂಗುತ್ತಿತ್ತು.

"ಇದೇನ ಚಿಗವ್ವ?"

"ಗ್ವಾಡಿಗಿರೋ ಸುದ್ದಿಪೆಟ್ಟಿಗಿ ಹೇಳ್ತು. ಅಂವ ಓಡಿ ಹೊಂಟಿದ್ನಂತ." ಪಾರವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಅಂಥಾ ನನ್ನ ಮಗನ ಮಾರಿಗೆ ಮೂವತ್ತು ವರ್ಷ ಹೂವಿನ ಹಾರ ಹಾಕೇನಿ."

"ತಗದು ಒಗದುಬಿಡಬೇಕಿತ್ತು."

"ಒಗದ ಮ್ಯಾಲೆ ಮುಂದಿನ ತಿಂಗಳ ಮತ್ತ ದೇವರಂಥವ ಅಂದ್ರ ಏನ ಮಾಡ್ಲಿ? ಪಕ್ಕದ ಮನಿಯಾಕಿ ಹಂಗ ಎಷ್ಟ ಸಲ ತಗದಾಳ, ಎಷ್ಟ ಸಲ ಹಾಕ್ಯಾಳ. ಗ್ವಾಡಿ ತುಂಬ ಮೊಳಿ ತೂತ." ಆಮೇಲೆ ಚಿಗವ್ವನ ದನಿ ಇಳಿಯಿತು. "ನೀ ಅದ ಕಚೇರಿಯಾಗ ಇರ್ತಿಯಲ್ಲ. ನನಗ ಒಂದ ಹೇಳು ನೀಲಾ. ಖರೇನ ಅಂವ ಬರಾಕತ್ತಿದ್ನೋ ಇಲ್ಲೋ? ಅಕ್ಕಗ ಒಬ್ಬರರ ಬರಾಕತ್ತಿದ್ರು ಅಂತ ನೆನಸ್ಕೊಂಡ ನಾ ಇಷ್ಟ ದಿನ ನಿದ್ದಿ ಮಾಡೇನಿ."

ನೀಲಾಂಬಿಕೆಗೂ ಅದೇ ಆಧಾರವಾಗಿತ್ತು. ಹದಿನೈದರ ಹುಡುಗಿಗೆ ಹಾಗೆಂದೇ ಹೇಳಿ ಊಟ ಮಾಡಿಸಿದ್ದರು. ಅವಳು ಕಾಲು ತೊಳೆಯಲು ಬಚ್ಚಲಿಗೆ ಹೋದಳು.

ಅರ್ಥ ಬದಲಾದ ಮೇಲೆ ಹದಿನೈದು ದಿನ ಆಕ್ಷೇಪಣೆಗೆ ಅವಕಾಶ. ಆಮೇಲೆ ಅದು ಗಟ್ಟಿಯಾಗುತ್ತದೆ. ಹೊಸ ಸಾಕ್ಷಿಯೇ ಹುಟ್ಟಿ ಬಾರದ ಹೊರತು ಯಾರೂ ಮುಟ್ಟುವಂತಿಲ್ಲ. ಫಕೀರಪ್ಪನ ಪರವಾಗಿ ಹದಿನಾಲ್ಕು ದಿನ ಯಾರೂ ಬರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅವನ ಹೆಂಡತಿ ದ್ಯಾಮವ್ವ ಬಂದಳು.

ಅರವತ್ತು ದಾಟಿದ ಹೆಂಗಸು. ಬಸ್ಸಿನ ದಾರಿಯ ಧೂಳು ಇನ್ನೂ ಮುಖದ ಮೇಲಿತ್ತು. ವಿಚಾರಣೆಯ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು, ಎದುರಿನ ನೀಲಾಂಬಿಕೆಗೆ ಕೈ ಮುಗಿದಳು. ಇವಳು ಗಂಡನನ್ನು ಮತ್ತೆ ವೀರ ಮಾಡಿರೆಂದು ಕೇಳಲು ಬಂದವಳೆಂದು ನೀಲಾಂಬಿಕೆ ತಿಳಿದಿದ್ದಳು. ನಿಜ ಹೇಳಬೇಕೆಂದರೆ, ಹಾಗೆ ಕೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದಳು. ಒಂದು ಸಣ್ಣ ಆಧಾರ ಸಿಕ್ಕರೂ ರುಜು ಹಾಕಿಬಿಡುವುದು, ಚಿಗವ್ವ ಮತ್ತೆ ನಿದ್ದೆ ಮಾಡಲಿ ಎಂದುಕೊಂಡಿದ್ದಳು.

"ಮೊಮ್ಮಗಳು ಸಾಲ್ಯಾಗಿಂದ ಅಳಕೋತ ಬಂದ್ಲರಿ," ಎಂದು ಶುರು ಮಾಡಿದಳು ದ್ಯಾಮವ್ವ. "ಪಾಠದಾಗ ನಿಮ್ಮ ಮುತ್ಯಾ ಓಡಿಹೋದ ಅಂತ ಓದ್ಸಿದ್ರಂತ. ಹೋದ ವರ್ಷ ಅದ ಪಾಠದಾಗ ಹುಲಿ ಅಂದಿದ್ರು. ಎರಡೂ ಖರೇ ಅಲ್ರಿ ಅಕ್ಕಾರ. ಹುಲೀನೂ ಅಲ್ಲ, ಓಡಿಹೋದವನೂ ಅಲ್ಲ."

"ಮತ್ತೇನು?"

"ಆ ಮಾತು ಅಂದದ್ದು ನನಗ್ರಿ."

ನೀಲಾಂಬಿಕೆಗೆ ಮೊದಲು ಅರ್ಥವಾಗಲಿಲ್ಲ.

"ಬರ್ತೇನಿ ಅಂತ ಅಂದನಲ್ಲ, ಅದು. ನಾನ ಮೊಬೈಲ್‌ಗೆ ಫೋನ್ ಹಚ್ಚಿದ್ದೆ. ನಮ್ಮ ಮನಿ ಶೀತಗೃಹದ ಹಿಂದ ಇತ್ತು. ಗಾಳಿ ನಮ್ಮ ಕಡೀಗೇ ಬೀಸತಿತ್ತು, ಕಣ್ಣ ಉರಿಯಾಕ ಹತ್ತಿದ್ದವು. ಕೂಸಿಗೆ ಜ್ವರ ಬಂದು ಮಲಗಿತ್ತು. ಲಗೂನ ಬಾ, ನನಗ ಎತ್ಕೊಂಡ ಓಡಾಕ ಆಗಂಗಿಲ್ಲ ಅಂದೆ. ಆತು, ನಾ ಬರ್ತೇನಿ ಅಂದ. ಮನಿಗೆ ಬರಾಕತ್ತಿದ್ದ್ರಿ ಅಂವ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು? ಮಣ್ಣ ಮಾಡಿ ಬರೂದ್ರಾಗ ಹಾರ ಹಿಡ್ಕೊಂಡ ಮಂದಿ ಬಾಗಲಾಗ ನಿಂತಿತ್ತು. ಗಂಡನ್ನ ಕಳಕೊಂಡಾಕಿ, ಅವರ ಕೈಯಾಗಿನ ಹಾರಾನೂ ಕಸಗೊಂಡ ಒಗೀಲೇನು? ಸುಮ್ಮನಾದೆ. ಆಮ್ಯಾಲೆ ಸುಮ್ಮನಿರೂದ ರೂಢಿ ಆತು." ದ್ಯಾಮವ್ವ ಮುಂದಕ್ಕೆ ಬಗ್ಗಿದಳು. "ಹುಲಿ ಅಂತ ಬರೀಬ್ಯಾಡ್ರಿ. ಮನಿಗೆ ಬರಾಕತ್ತಿದ್ದ ಅಂತ ಬರೀರಿ. ಮೊಮ್ಮಗಳಿಗೆ ಅಷ್ಟ ಸಾಕು."

ಹಾಗಾದರೆ ಅವ್ವನ ಕಡೆಗೆ ಯಾರೂ ಬರುತ್ತಿರಲಿಲ್ಲ. ನೀಲಾಂಬಿಕೆಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಕಚೇರಿ, ನಿಯಮ, ಹುದ್ದೆ ಎಲ್ಲ ಮರೆತು, ಕಚೇರಿಯ ಕನ್ನಡವೂ ಬಿಟ್ಟುಹೋಗಿ ಅವಳು ಅಂದಳು:

"ಅಂವ ದಾಟಿ ಹ್ವಾದದ್ದು ಆ ಕೋಣಿ ಬಾಗಲದ ಮುಂದ. ಚಿಲಕ ಹೊರಗ ಇತ್ತು. ಕೈ ಚಾಚಿ ಒಮ್ಮೆ ತಗದು ಹೋಗಬಹುದಿತ್ತಲ್ಲ? ಒಳಗ ನಮ್ಮವ್ವ ಇದ್ಲು."

ದ್ಯಾಮವ್ವ ತಲೆಯೆತ್ತಿ ಅವಳನ್ನೇ ನೋಡಿದಳು.

"ತಗೀಬಹುದಿತ್ತವ್ವ," ಅಂದಳು. "ನಾ ಇಲ್ಲ ಅನ್ನೂದಿಲ್ಲ. ಒಳಗ ಮಂದಿ ಅದಾರ ಅನ್ನೂದು ಅವಗ ಗೊತ್ತಿತ್ತೋ, ಎಲ್ಲಾರೂ ಮನಿಗೆ ಹೋಗ್ಯಾರ ಅಂತ ತಿಳಿದಿದ್ನೋ, ಯಾರಿಗೆ ಗೊತ್ತು? ನಾ ಫೋನ್ ಮಾಡಲಿಲ್ಲಂದ್ರ ತಗೀತಿದ್ದನೇನೋ. ಅದನ್ನ ನಾನೂ ಕೇಳ್ಕೋತೇನಿ. ಒಲಿ ಮುಂದ ಕುಂತಾಗೆಲ್ಲ ಕೇಳ್ಕೋತೇನಿ. ಆದರ ಕೂಸು ಉಳೀತವ್ವ. ನಾ ಹ್ಯಾಂಗೋ ಎಳಕೊಂಡ ಹೋದೆ, ಉಳೀತು. ಉಳಿದದ್ದಕ್ಕ ನನಗ ಸಂತೋಷ ಆಗೇತಿ. ಅದಕ್ಕ ನೀ ಏನಂತಿ?"

ದ್ಯಾಮವ್ವ ಸೆರಗು ಸರಿಮಾಡಿಕೊಂಡು ಎದ್ದಳು. ನೀಲಾಂಬಿಕೆ ಅವಳನ್ನು ಮೆಟ್ಟಿಲ ತನಕ ಕಳಿಸಿ ಬಂದಳು, ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಪರದೆಯ ಮುಂದೆ ಬಂದು ಕೂತರೆ ಯಂತ್ರ ಕಾಯುತ್ತಿತ್ತು. ಫಕೀರಪ್ಪ: ಬಂದವನೋ, ಹೋದವನೋ? ಎರಡರಲ್ಲಿ ಒಂದು ಒತ್ತಬೇಕು. ಹೆಂಡತಿಯ ಮಾತು ಸೇರಿಸಿದರೆ ಅದು ಯೋಚನೆ ಮಾಡಿ ಇನ್ನಷ್ಟು ಗಟ್ಟಿಯಾಗಿ 'ಹೋದವನು' ಎಂದೇ ಹೇಳಿತು. ಬರುವುದು ಹೋಗುವುದು ಕೇಳುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಇರುತ್ತದೆ ಎಂದು ಅದಕ್ಕೆ ಹೇಳುವುದು ಹೇಗೆ? ದ್ಯಾಮವ್ವ ನಿಂತಲ್ಲಿಂದ ಅವನು ಬರುತ್ತಿದ್ದ. ಅವ್ವ ಇದ್ದಲ್ಲಿಂದ ಹೋಗುತ್ತಿದ್ದ. ಹೆಜ್ಜೆ ಅವೇ.

ಹಿಂದೆಂದೂ ಮಾಡದ ಒಂದು ಕೆಲಸವನ್ನು ಅವಳು ಆಗ ಮಾಡಿದಳು. ಈ ಘಟನೆಯ 'ನಡೆದದ್ದು' ಅಂಕಣವನ್ನು ತೆರೆದಳು. ಪರಿಶೀಲಕರು ಅಲ್ಲಿಗೆ ಹೋಗುವುದು ಕಡಿಮೆ, ಅದು ಬದಲಾಗುವುದಿಲ್ಲವಲ್ಲ. ಅವಳಂತೂ ಈ ಒಂದನ್ನು ಹೆದರಿ ಬಿಟ್ಟಿದ್ದಳು. ಪೊಲೀಸರ ಪಂಚನಾಮೆ ಅಲ್ಲಿತ್ತು. ಕೋಣೆಯ ಬಾಗಿಲನ್ನು ಒಳಗಿನಿಂದ ತೆರೆಯುವ ಹಿಡಿಕೆ ಮುರಿದು ಹಲವು ತಿಂಗಳಾಗಿತ್ತು. ಬಾಗಿಲ ಒಳಮೈ ತುಂಬ ನಗ್ಗುಗಳು. ಚೀಲ ಎಳೆಯುವ ಕಬ್ಬಿಣದ ಕೊಕ್ಕೆಗಳಿಂದ ಹೊಡೆದದ್ದು. ಕೆಳಗಿನ ಕೀಲಿನ ತಿರುಪುಗಳು ಎರಡು ಕಿತ್ತು ಬಂದಿದ್ದವು. ಮೂರನೆಯದು ಸಡಿಲಾಗಿತ್ತು.

ಯಂತ್ರ ಈ ಸಾಲುಗಳಿಗೆ ಕೊಟ್ಟಿದ್ದ ಮಹತ್ವ ಇಲ್ಲವೆನ್ನುವಷ್ಟು ಕಡಿಮೆ. ಕೊಡುವುದಾದರೂ ಹೇಗೆ? ಮೂವತ್ತು ವರ್ಷ ಜಗತ್ತೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಫಕೀರಪ್ಪ ಎತ್ತ ಕಡೆ ನಡೆಯುತ್ತಿದ್ದ? ವೀರನಾದರೂ ಅವನದೇ ಕಥೆ, ಹೇಡಿಯಾದರೂ ಅವನದೇ ಕಥೆ. ಮುರಿದ ಹಿಡಿಕೆಯನ್ನು ಹಾಗೇ ಬಿಟ್ಟು ಹೆಂಗಸರನ್ನು ಒಳಗೆ ಕಳಿಸುತ್ತಿದ್ದ ಮಾಲೀಕನಿಗೆ ಇಬ್ಬರೂ ಫಕೀರಪ್ಪರು ಅನುಕೂಲವೇ ಮಾಡಿಕೊಟ್ಟಿದ್ದರು. ಆ ಪ್ರಶ್ನೆಯನ್ನೇ ಕೇಳುತ್ತ ಬಂದವರಲ್ಲಿ ತಾನೂ ಒಬ್ಬಳೆಂದು ಅವಳಿಗೆ ನಾಚಿಕೆಯಾಯಿತು.

ಎರಡರಲ್ಲಿ ಯಾವುದನ್ನೂ ಒತ್ತದೆ ಅವಳು 'ಅಂದರೆ' ಅಂಕಣದಲ್ಲಿ ಟೈಪು ಮಾಡತೊಡಗಿದಳು. ಘಟನೆಯ ಕೇಂದ್ರ: ಬಾಗಿಲು. ಒಳಗಿನಿಂದ ತೆರೆಯಲಾಗದ ಬಾಗಿಲು. ಫಕೀರಪ್ಪ: ಹೆಂಡತಿ ಕರೆದಿದ್ದಕ್ಕೆ ಮನೆಗೆ ಬರುತ್ತಿದ್ದ, ಒಳಗೆ ಜನರಿದ್ದದ್ದು ತಿಳಿದಿತ್ತೋ ಇಲ್ಲವೋ ಹೇಳಲಾಗದು. ಆಮೇಲೆ 'ಒಂಬತ್ತು ಮಹಿಳಾ ಕಾರ್ಮಿಕರು' ಎಂಬಲ್ಲಿ ಹೆಸರು ಸೇರಿಸಲು ಹೊರಟಳು. ಬೆಳಗಿನ ಟೆಂಪೋ ಹತ್ತುವಾಗ ಮನೆಯ ಮುಂದೆ ನಿಂತು ಅವ್ವನನ್ನು ಕೂಗುತ್ತಿದ್ದವರು, ಅವಳಿಗೆ ಮರೆಯುವುದುಂಟೆ? ಯಲ್ಲವ್ವ, ಹುಸೇನಬಿ, ಬಸಲಿಂಗವ್ವ, ಕೆಂಚವ್ವ, ಮಾಬೂಬಿ, ತಿಪ್ಪವ್ವ, ನಿಂಗವ್ವ, ಸೋಮವ್ವ. ಒಂಬತ್ತನೆಯದಕ್ಕೆ ಬಂದಾಗ ಕೈ ನಿಂತಿತು. ಆ ಹೆಸರು ಬರೆದರೆ ಯಂತ್ರಕ್ಕೆ ಸಂಬಂಧ ತಿಳಿಯುತ್ತದೆ, ಕಡತ ಅವಳ ಕೈತಪ್ಪುತ್ತದೆ. ಬಿಟ್ಟರೆ ರುಜು ಹಾಕಿ ಮುಗಿಸಬಹುದು.

ಎಂಟು ಜನರ ಹೆಸರು ಬರೆದು ತನ್ನ ಅವ್ವನನ್ನೇ 'ಇನ್ನೊಬ್ಬಳು' ಎಂದು ಬಿಡುವುದು ಅವಳಿಂದಾಗಲಿಲ್ಲ. ಶಿವಗಂಗವ್ವ ಎಂದು ಬರೆದಳು.

ಪರದೆ ಕೆಂಪಾಯಿತು. 'ಈ ಘಟನೆ ನಿಮ್ಮ ಸಂಬಂಧಿಕರದು. ನಿಮಗೆ ಅಧಿಕಾರವಿಲ್ಲ.' ಹೊರಗೆ ಬಾಗಿಲಲ್ಲಿ ಗುಮಾಸ್ತೆಯವರು ಕಾಣಿಸಿಕೊಂಡರು. ಅವಳಿಗಿಂತ ಚಿಕ್ಕವರು, ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಯಸುವ ಮನುಷ್ಯ.

"ಏನ್ ಮೇಡಂ ಇದು? ಮೊದಲ ಯಾಕ ಹೇಳಲಿಲ್ಲ ನೀವು?"

"ಮೊದಲ ಅವರಿಗೆ ಹೆಸರಿರಲಿಲ್ಲ ಸರ್."

ಗುಮಾಸ್ತೆಯವರು ಅವಳು ಬರೆದದ್ದನ್ನು ತಮ್ಮ ಕೈಯ ಪರದೆಯಲ್ಲಿ ಓದಿದರು. ಮತ್ತೊಮ್ಮೆ ಓದಿದರು. "ನಿಮ್ಮ ಮ್ಯಾಲೆ ವಿಚಾರಣೆ ಬರ್ತದ, ಗೊತ್ತದಲ್ಲ?" ಅಂದರು. ಆಮೇಲೆ ನಿಟ್ಟುಸಿರು ಬಿಟ್ಟರು. "ಬರದದ್ದನ್ನ ನಾ ಅಳಸಂಗಿಲ್ಲ. ಇನ್ನೊಬ್ಬರ ಕಡೆ ಕಳಸ್ತೇನಿ. ಅವರು ಎಲ್ಲಾ ಹೆಸರಿನವರ ಮನೀಗೂ ಹೋಗಿ ಕೇಳಬೇಕಾಗ್ತದ, ಆ ಮಾಲಕನ್ನೂ ಕರಸಬೇಕಾಗ್ತದ. ಅಲ್ಲೀತನಕ ಯಾವ ಅರ್ಥನೂ ಗಟ್ಟಿ ಆಗಂಗಿಲ್ಲ. ಸದ್ಯಕ್ಕ ಪಾಠ ನಿಲ್ಲಸ್ತೇನಿ. ನೀವು ಮನೀಗೆ ಹೋಗ್ರಿ."

ಅವಳು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಗೆದ್ದೆ ಎಂದು ಅನ್ನಿಸಲಿಲ್ಲ. ಇನ್ನೊಬ್ಬ ಪರಿಶೀಲಕ, ಇನ್ನೊಂದು ಅರ್ಥ, ಅದರ ಮೇಲೆ ಮತ್ತೊಂದು. ಅವೆಲ್ಲ ಆಗಲಿ. ಆದರೆ ಚಿಗವ್ವನಿಗೆ ಏನು ಹೇಳುವುದು?

ಪಾರವ್ವ ಅಡುಗೆಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನೀಲಾಂಬಿಕೆ ಚೀಲವನ್ನೂ ಇಳಿಸದೆ ಎದುರಿಗೆ ನೆಲದ ಮೇಲೆ ಕೂತಳು.

"ಚಿಗವ್ವ, ಅಂವ ಅವ್ವನ ಕಡೆ ಬರಾಕತ್ತಿರಲಿಲ್ಲ. ತನ್ನ ಮನಿಗೆ ಹೊಂಟಿದ್ದ. ಕೂಸಿಗೆ ಜ್ವರ ಇತ್ತಂತ, ಹೆಂಡತಿ ಕರದಿದ್ಲಂತ."

ಪಾರವ್ವನ ಕೈ ನಿಂತಿತು. ಅವಳು ಬೈಯಬಹುದು, ಶಾಪ ಹಾಕಬಹುದು ಎಂದು ನೀಲಾಂಬಿಕೆ ಕಾದಳು. ಅವಳು ಹಾಗೇನೂ ಮಾಡಲಿಲ್ಲ.

"ಕೂಸು ಏನಾತು?"

"ಉಳೀತಂತ."

"ಉಳೀಲಿ." ಪಾರವ್ವ ಮೊರವನ್ನು ಬದಿಗೆ ಸರಿಸಿದಳು. "ಯಾರರ ಬಂದಾರು ಅಂತ ಕಾಯ್ಕೋತ ಕುಂತಿರಬೇಕು ನಮ್ಮಕ್ಕ. ಆ ಥಂಡಿಯಾಗ ಕುಂತಿರಬೇಕು. ಪಾಪ."

"ಕುಂತಿರಲಿಲ್ಲ ಚಿಗವ್ವ. ನಾ ಇವತ್ತ ಓದಿದೆ. ಎಲ್ಲಾರೂ ಕೂಡಿ ಬಾಗಲಾ ಬಡದಾರ. ಕೊಕ್ಕಿ ತಗೊಂಡ ಬಡದ ಬಡದ ತಗಡೆಲ್ಲಾ ನಗ್ಗಿಸ್ಯಾರ. ಕೆಳಗಿನ ಕೀಲ ಕಿತ್ತಾರ. ಇನ್ನ ಸ್ವಲ್ಪ ಹೊತ್ತ ಸಿಕ್ಕಿದ್ರ ಆ ಬಾಗಲಾ ಬೀಳತಿತ್ತು."

ಪಾರವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕೈ ಚಾಚಿ ನೀಲಾಂಬಿಕೆಯ ಗಲ್ಲ ಹಿಡಿದಳು, ಹದಿನೈದರ ಹುಡುಗಿಗೆ ಹಿಡಿದ ಹಾಗೆ.

"ಹಂಗಾದ್ರ ಆಕೀನೂ ಮನಿಗೆ ಬರಾಕತ್ತಿದ್ಲು, ನೀಲಾ," ಅಂದಳು. "ನಿನ್ನ ಕಡೆ ಬರಾಕತ್ತಿದ್ಲು."

ನೀಲಾಂಬಿಕೆ ಚಿಗವ್ವನ ಮಡಿಲಲ್ಲಿ ತಲೆಯಿಟ್ಟು ಜೋರಾಗಿ ಅತ್ತಳು.